ತಪ್ಪು ಡಿಸ್ಕಿಗೆ ಕ್ಲೀನ್ ಕೊಟ್ಟಿರಾ? ಮೊದಲು ಕೈ ತೆಗೆಯಿರಿ

ಪಾರ್ಟಿಶನ್ ಮಾಡುವಾಗ, ಅಂದರೆ ಡಿಸ್ಕನ್ನು ಭಾಗ ಮಾಡುವಾಗ, ಏನೋ ಎಡವಟ್ಟಾಗಿ ಹಾರ್ಡ್ ಡಿಸ್ಕ್ ತೆರೆಯುತ್ತಿಲ್ಲ ಅಂತ ಇದನ್ನು ಓದುತ್ತಿದ್ದೀರಾ? ಹಾಗಾದರೆ ಮುಂದಕ್ಕೆ ಓದುವ ಮೊದಲೇ ಆ ಡಿಸ್ಕನ್ನು ಬಿಚ್ಚಿ ಪಕ್ಕಕ್ಕಿಡಿ. ಫಾರ್ಮ್ಯಾಟ್ ಮಾಡಬೇಕಾ ಅಂತ ವಿಂಡೋಸ್ ಕೇಳುತ್ತಿದ್ದರೆ ಕ್ಯಾನ್ಸಲ್ ಒತ್ತಿ, ಆಮೇಲೆ ಬಿಚ್ಚಿ. ಲಿನಕ್ಸ್ ಬಳಸುವವರು ಮಾತ್ರ ಸ್ವಲ್ಪ ತಡೆಯಿರಿ. ನಿಮಗೆ ಇನ್ನೊಂದು ದಾರಿ ಇದೆ, ಕೆಳಗೆ ಹೇಳುತ್ತೇನೆ. ಅಲ್ಲಿಯವರೆಗೆ ರೀಬೂಟ್ ಮಾಡಬೇಡಿ, ಡಿಸ್ಕ್ ಕೀಳಬೇಡಿ.

ಇದನ್ನೆಲ್ಲ ನಾನು ಕಲಿತದ್ದು ಭಾವನ ಡಿಸ್ಕ್ ಹಾಳುಮಾಡಿ. ಕೆಲವು ವರ್ಷದ ಹಿಂದಿನ ಮಾತು. ಭಾವ ತಮ್ಮ 1 ಟಿಬಿ ಎಕ್ಸ್‌ಟರ್ನಲ್ ಡಿಸ್ಕ್ ಕೊಟ್ಟು, ಅದರಲ್ಲಿರುವ ಮದುವೆ ವಿಡಿಯೋ ಕಾಪಿ ಮಾಡಿಕೋ ಅಂದಿದ್ದರು. ಅದು ಲ್ಯಾಪ್‌ಟಾಪಿಗೆ ಚುಚ್ಚಿಕೊಂಡೇ ಇತ್ತು. ಅಷ್ಟರಲ್ಲಿ ಪಕ್ಕದ ಮನೆಯವರ ಕಂಪ್ಯೂಟರಿಗೆ ವಿಂಡೋಸ್ 10 ಹಾಕಬೇಕಾಗಿ ಬಂದು, ನಾನು 16 ಜಿಬಿಯ ಒಂದು ಪೆನ್‌ಡ್ರೈವ್ ಹಾಕಿ, ಕಪ್ಪು ಪರದೆ ತೆರೆದು, ಡಿಸ್ಕ್ ಭಾಗ ಮಾಡುವ ವಿಂಡೋಸಿನದೇ ಉಪಕರಣ ಡಿಸ್ಕ್‌ಪಾರ್ಟ್ ಶುರುಮಾಡಿದೆ. ನೂರು ಸಲ ಮಾಡಿದ ಕೆಲಸ. ನನ್ನ ಲ್ಯಾಪ್‌ಟಾಪಿನಲ್ಲಿ ಪೆನ್‌ಡ್ರೈವ್ ಅಂದರೆ ಯಾವಾಗಲೂ ಡಿಸ್ಕ್ 1. ಕೈಗೆ ಅದೇ ರೂಢಿ. ಆದರೆ ಅವತ್ತು ಡಿಸ್ಕ್ 1 ಅಂದರೆ ಭಾವನದು, ಪೆನ್‌ಡ್ರೈವ್ ಡಿಸ್ಕ್ 2. ಸೆಲೆಕ್ಟ್, ಡಿಸ್ಕಿನ ಪಾರ್ಟಿಶನ್ ಪಟ್ಟಿ ಒರೆಸುವ ಕ್ಲೀನ್, ಹೊಸ ಪ್ರೈಮರಿ ಪಾರ್ಟಿಶನ್, ಫ್ಯಾಟ್32 ಅನ್ನುವ ಫೈಲ್ ಪದ್ಧತಿಗೆ ಕ್ವಿಕ್ ಫಾರ್ಮ್ಯಾಟ್ ಅಂತ ಒಂದರ ಹಿಂದೊಂದು ಕೊಡುತ್ತಾ ಹೋದೆ. ಕೊನೆಯದಕ್ಕೆ ಉತ್ತರ ಬಂತು: ವಾಲ್ಯೂಮ್ ತುಂಬಾ ದೊಡ್ಡದು.

16 ಜಿಬಿ ಪೆನ್‌ಡ್ರೈವ್ ತುಂಬಾ ದೊಡ್ಡದು ಅಂದರೇನು? ಮತ್ತೆ ಡಿಸ್ಕ್ ಪಟ್ಟಿ ನೋಡಿದೆ. ನಕ್ಷತ್ರದ ಗುರುತು 931 ಜಿಬಿಯ ಮುಂದೆ ಕೂತಿತ್ತು. ಎದೆ ಧಸಕ್ಕೆಂದಿತು. ವಿಂಡೋಸ್ 10 ತಾನಾಗಿ 32 ಜಿಬಿಗಿಂತ ದೊಡ್ಡ ಜಾಗವನ್ನು ಫ್ಯಾಟ್32 ಮಾಡುವುದಿಲ್ಲ, ಹಳೆಯ ಕಾಲದ ಒಂದು ಮಿತಿ ಅದು. ಎಲ್ಲರೂ ಬೈಯುವ ಆ ಮಿತಿಯೇ ಅವತ್ತು ನನ್ನನ್ನು ಉಳಿಸಿತು. ನಾನು ಅದರ ಬದಲು ವಿಂಡೋಸಿನ ಇನ್ನೊಂದು ಫೈಲ್ ಪದ್ಧತಿಯಾದ ಎನ್‌ಟಿಎಫ್‌ಎಸ್ ಅಂತ ಕೊಟ್ಟಿದ್ದರೆ ಕಣ್ಣು ಮಿಟುಕಿಸುವುದರೊಳಗೆ ಫಾರ್ಮ್ಯಾಟ್ ಕೂಡ ಮುಗಿದಿರುತ್ತಿತ್ತು.

ಪಹಣಿ ಹೋಗಿದೆ, ಹೊಲ ಹೋಗಿಲ್ಲ

1 ಟಿಬಿ ಡಿಸ್ಕ್ ಅಂದರೆ 512 ಬೈಟಿನ ಸುಮಾರು 195 ಕೋಟಿ ಸೆಕ್ಟರ್, ಅಂದರೆ ಸಣ್ಣ ಸಣ್ಣ ಖಾನೆ. ಅದರಲ್ಲಿ ಹಳೆಯ ಎಂಬಿಆರ್ ಪದ್ಧತಿಯ ಪಾರ್ಟಿಶನ್ ಟೇಬಲ್ ಇರುವುದು ಮೊಟ್ಟಮೊದಲ ಒಂದೇ ಸೆಕ್ಟರಿನಲ್ಲಿ, ಅದರಲ್ಲೂ ಬರೀ 64 ಬೈಟ್. ತಲಾ 16 ಬೈಟಿನ 4 ಸಾಲು. ಯಾವ ಪಾರ್ಟಿಶನ್ ಎಲ್ಲಿಂದ ಶುರು, ಎಷ್ಟು ಉದ್ದ, ಯಾವ ಬಗೆ ಅಂತ ಅಲ್ಲಿ ಬರೆದಿರುತ್ತದೆ, ಅಷ್ಟೇ. ಹೊಸ ಜಿಪಿಟಿ ಪದ್ಧತಿಯಲ್ಲಿ ಡಿಸ್ಕಿನ ಮೊದಲ 34 ಸೆಕ್ಟರ್ ಇದಕ್ಕೆ ಮೀಸಲು, ಇನ್ನೊಂದು ಪ್ರತಿ ಡಿಸ್ಕಿನ ಕೊನೆಯ 33 ಸೆಕ್ಟರಿನಲ್ಲಿ ಇರುತ್ತದೆ.

ಇದು ಹೊಲದ ಪಹಣಿ ಇದ್ದ ಹಾಗೆ. ತಾಲ್ಲೂಕು ಕಚೇರಿಯಲ್ಲಿ ಪಹಣಿ ಸುಟ್ಟುಹೋದರೆ ನಿಮ್ಮ ಹೊಲ, ಅದರಲ್ಲಿ ನಿಂತ ತೆಂಗಿನಮರ ಎಲ್ಲಿಗೂ ಹೋಗುವುದಿಲ್ಲ, ಅಲ್ವಾ? ಸರ್ವೆಯವರು ಬಂದು ಬಾಂದುಕಲ್ಲು ಎಲ್ಲೆಲ್ಲಿ ಇವೆ ಅಂತ ಹುಡುಕಿ ಮತ್ತೆ ಅಳತೆ ಬರೆಯಬಹುದು. ಡಿಸ್ಕಿನಲ್ಲೂ ಬಾಂದುಕಲ್ಲುಗಳಿವೆ. ಎನ್‌ಟಿಎಫ್‌ಎಸ್ ಪಾರ್ಟಿಶನ್ನಿನ ಮೊದಲ ಸೆಕ್ಟರಿನಲ್ಲಿ ಇದು ಎನ್‌ಟಿಎಫ್‌ಎಸ್ ಅನ್ನುವ ಗುರುತು, ಅಳತೆ ಎಲ್ಲ ಇರುತ್ತದೆ, ಅದೇ ಸೆಕ್ಟರಿನ ನಕಲು ಪಾರ್ಟಿಶನ್ನಿನ ಕಟ್ಟಕಡೆಯ ಸೆಕ್ಟರಿನಲ್ಲಿ ಇರುತ್ತದೆ. ಫ್ಯಾಟ್32ರಲ್ಲಿ ನಕಲು ಸಾಮಾನ್ಯವಾಗಿ 6ನೇ ಸೆಕ್ಟರಿನಲ್ಲಿ. ಲಿನಕ್ಸಿನ ಇಎಕ್ಸ್‌ಟಿ4 ಅಂತೂ ತನ್ನ ಸೂಪರ್‌ಬ್ಲಾಕಿನ, ಅಂದರೆ ಇಂಥದೇ ಅಳತೆ ಬರೆದ ತುಂಡಿನ, ನಕಲುಗಳನ್ನು ಪಾರ್ಟಿಶನ್ ತುಂಬಾ ಅಲ್ಲಲ್ಲಿ ಹೂತಿಟ್ಟಿರುತ್ತದೆ.

ಡಿಸ್ಕ್‌ಪಾರ್ಟಿನ ಕ್ಲೀನ್ ಒರೆಸುವುದು ಟೇಬಲ್ ಇರುವ ಜಾಗವನ್ನು ಮಾತ್ರ. ವಿಸ್ತಾ ಬಂದ ಮೇಲೆ ವಿಂಡೋಸ್ ಮೊದಲ ಪಾರ್ಟಿಶನ್ನನ್ನು ಸಾಮಾನ್ಯವಾಗಿ 2048ನೇ ಸೆಕ್ಟರಿನಿಂದ, ಅಂದರೆ ಸರಿಯಾಗಿ 1 ಎಂಬಿ ಆದಮೇಲೆ ಶುರುಮಾಡುತ್ತದೆ. ಹಾಗಾಗಿ ಒರೆಸಿದ ಬಟ್ಟೆ ನಿಮ್ಮ ಫೋಟೋಗಳ ತನಕ ಬಂದಿರುವುದಿಲ್ಲ. ಕ್ಲೀನ್ ಆಲ್ ಅಂತ ಕೊಟ್ಟಿದ್ದರೆ ಕಥೆ ಬೇರೆ, ಅದು ಪ್ರತಿ ಸೆಕ್ಟರಿಗೂ ಸೊನ್ನೆ ಬರೆಯುತ್ತಾ ಹೋಗುತ್ತದೆ. ಅದು ಓಡುತ್ತಿದ್ದರೆ ಈಗಲೇ ನಿಲ್ಲಿಸಿ. ಮೊದಲಿಂದ ಕೊನೆಗೆ ಬರೆಯುವುದರಿಂದ ನಡುವೆ ನಿಲ್ಲಿಸಿದರೆ ಉಳಿದ ಭಾಗ ಇನ್ನೂ ಇರುತ್ತದೆ.

ನಾನು ನೋಡಿದ ಮಟ್ಟಿಗೆ ಇಂಥ ಡಿಸ್ಕುಗಳಲ್ಲಿ ಫೈಲ್ ನಿಜವಾಗಿ ಹೋಗುವುದು ಮೊದಲ ತಪ್ಪಿನಲ್ಲಿ ಅಲ್ಲ, ಆಮೇಲೆ ಗಾಬರಿಯಲ್ಲಿ ಮಾಡುವ ರಿಪೇರಿಯಲ್ಲಿ. ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದರೆ ಇನಿಶಿಯಲೈಸ್ ಮಾಡು ಅನ್ನುತ್ತದೆ, ಹೂಂ ಅನ್ನಬೇಡಿ. ಫಾರ್ಮ್ಯಾಟ್ ಮಾಡಿದರೆ ಡಿಸ್ಕ್ ಓಪನ್ ಆಗುತ್ತೆ, ಆಮೇಲೆ ರಿಕವರ್ ಮಾಡೋಣ ಅಂತ ಯಾರಾದರೂ ಹೇಳಿದರೆ ಅವರ ಮಾತು ಕೇಳಬೇಡಿ. ಚೆಕ್‌ಡಿಸ್ಕ್ ಓಡಿಸಬೇಡಿ. ಅದು ಫೈಲ್ ಸಿಸ್ಟಮ್ಮನ್ನು ಒಪ್ಪವಾಗಿ ಇಡಲು ಇರುವ ಕೆಲಸಗಾರ, ಫೈಲ್ ಉಳಿಸಲು ಅಲ್ಲ. ಅರ್ಥವಾಗದ್ದನ್ನು ಕಿತ್ತು ಬಿಸಾಡುತ್ತದೆ. ರಿಕವರಿ ಸಾಫ್ಟ್‌ವೇರನ್ನು ಅದೇ ಡಿಸ್ಕಿಗೆ ಇನ್‌ಸ್ಟಾಲ್ ಮಾಡುವುದಂತೂ ಬೇಡವೇ ಬೇಡ. ಕಳೆದುಹೋದದ್ದು ಲ್ಯಾಪ್‌ಟಾಪಿನ ಒಳಗಿನ ಡಿಸ್ಕೇ ಆಗಿದ್ದರೆ ಅದರಿಂದ ಬೂಟ್ ಮಾಡಬೇಡಿ. ಬಿಚ್ಚಿ ಬೇರೆ ಕಂಪ್ಯೂಟರಿಗೆ ಸಿಕ್ಕಿಸಿ, ಇಲ್ಲವಾದರೆ ಪೆನ್‌ಡ್ರೈವಿನಿಂದ ಲಿನಕ್ಸ್ ಬೂಟ್ ಮಾಡಿ.

ಎಸ್‌ಎಸ್‌ಡಿ ಆಗಿದ್ದರೆ ಗಡಿಯಾರ ಓಡುತ್ತಿದೆ

ಮೇಲಿನ ಸಮಾಧಾನವೆಲ್ಲ ತಿರುಗುವ ಹಾರ್ಡ್ ಡಿಸ್ಕಿಗೆ. ಎಸ್‌ಎಸ್‌ಡಿಯಲ್ಲಿ ಟ್ರಿಮ್ ಅನ್ನುವುದೊಂದಿದೆ. ಈ ಜಾಗ ಇನ್ನು ಬೇಕಿಲ್ಲ ಅಂತ ಆಪರೇಟಿಂಗ್ ಸಿಸ್ಟಮ್ ಹೇಳಿದ ಕೂಡಲೇ ಎಸ್‌ಎಸ್‌ಡಿ ಆ ಜಾಗವನ್ನು ತನ್ನ ಪಾಡಿಗೆ ಖಾಲಿ ಮಾಡತೊಡಗುತ್ತದೆ, ಆಮೇಲೆ ಓದಿದರೆ ಬರೀ ಸೊನ್ನೆ. ವಿಂಡೋಸ್ ಫಾರ್ಮ್ಯಾಟ್ ಮಾಡುವಾಗ ಟ್ರಿಮ್ ಕಳಿಸುತ್ತದೆ, ಲಿನಕ್ಸಿನಲ್ಲಿ ಇಎಕ್ಸ್‌ಟಿ4 ಮಾಡುವ ಆಜ್ಞೆಯೂ ಕಳಿಸುತ್ತದೆ. ಬರೀ ಟೇಬಲ್ ಹೋಗಿದ್ದರೆ ಆಸೆ ಇದೆ, ಫಾರ್ಮ್ಯಾಟ್ ಆಗಿದ್ದರೆ ಆಸೆ ತುಂಬಾ ಕಡಿಮೆ. ಇನ್ನೊಂದು ಮಾತು: ಈಗಿನ ಕೆಲವು ಸಣ್ಣ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕುಗಳು, ಎಸ್‌ಎಂಆರ್ ತಂತ್ರದವು, ಟ್ರಿಮ್ ಒಪ್ಪುತ್ತವೆ. ತಿರುಗುವ ಡಿಸ್ಕ್ ಅಂದಮಾತ್ರಕ್ಕೆ ನಿಶ್ಚಿಂತೆ ಅಂದುಕೊಳ್ಳಬೇಡಿ.

ಲಿನಕ್ಸಿನವರಿಗೆ

ನೀವು ಓಡುತ್ತಿರುವ ಸಿಸ್ಟಮ್ಮಿನಲ್ಲೇ ಪಾರ್ಟಿಶನ್ ಟೇಬಲ್ ಹಾಳುಮಾಡಿಕೊಂಡಿದ್ದರೆ, ಆ ಪಾರ್ಟಿಶನ್ ಮೌಂಟ್ ಆಗಿಯೇ, ಅಂದರೆ ತೆರೆದುಕೊಂಡೇ ಇದ್ದರೆ, ಲಿನಕ್ಸಿನ ತಿರುಳಾದ ಕರ್ನಲ್ಲಿನ ನೆನಪಿನಲ್ಲಿ ಹಳೆಯ ಲೆಕ್ಕ ಇನ್ನೂ ಇರಬಹುದು. ರೂಟ್‌ನಲ್ಲಿರುವ ಸಿಸ್ ಫೋಲ್ಡರಿನೊಳಗೆ ಬ್ಲಾಕ್, ಅದರೊಳಗೆ ನಿಮ್ಮ ಡಿಸ್ಕಿನ ಹೆಸರು, ಅದರೊಳಗೆ ಪಾರ್ಟಿಶನ್ನಿನ ಹೆಸರು ಹುಡುಕಿ. ಅಲ್ಲಿ ಸ್ಟಾರ್ಟ್ ಮತ್ತು ಸೈಜ್ ಅಂತ ಎರಡು ಫೈಲಿವೆ. ಎರಡರಲ್ಲೂ 512 ಬೈಟಿನ ಲೆಕ್ಕದ ಒಂದೊಂದು ಸಂಖ್ಯೆ. ಅದನ್ನು ಕಾಗದದಲ್ಲಿ ಬರೆದುಕೊಳ್ಳಿ, ಫೋನಿನಲ್ಲಿ ಫೋಟೋ ತೆಗೆಯಿರಿ. ಅವೇ ಅಂಕಿಗಳನ್ನು ಹಾಕಿ ಟೇಬಲ್ ಮತ್ತೆ ಬರೆದರೆ ಕೆಲಸ ಮುಗಿಯಿತು. ರೀಬೂಟ್ ಮಾಡಿದರೆ ಈ ನೆನಪು ಹೋಗುತ್ತದೆ. ಮೌಂಟ್ ಆಗಿದ್ದರೆ ಫೈಲುಗಳನ್ನೂ ಈಗಲೇ ಬೇರೆ ಕಡೆ ಕಾಪಿ ಮಾಡಿಬಿಡಿ.

ಮೊದಲು ನಕಲು, ಆಮೇಲೆ ಉಳಿದದ್ದು

ಯಾರಿಗೂ ಇಷ್ಟವಾಗದ ಹಂತ ಇದು. ಇನ್ನೊಂದು ಡಿಸ್ಕ್ ಬೇಕು, ಗಂಟೆಗಟ್ಟಲೆ ಕಾಯಬೇಕು. ಆದರೂ ಮಾಡಿ. ಇಡೀ ಡಿಸ್ಕಿನ ಸೆಕ್ಟರ್ ಸೆಕ್ಟರ್ ನಕಲು ಒಂದು ಇಮೇಜ್ ಫೈಲಾಗಿ ನಿಮ್ಮ ಹತ್ತಿರ ಇದ್ದರೆ, ಆಮೇಲೆ ಎಷ್ಟು ತಪ್ಪು ಮಾಡಿದರೂ ವಾಪಸ್ ಬರಬಹುದು. ನನ್ನ ಹತ್ತಿರ ಖಾಲಿ ಡಿಸ್ಕ್ ಇರಲಿಲ್ಲ. ಮಾರನೇ ದಿನ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ 2 ಟಿಬಿಯದು ತಂದೆ. ಭಾವನಿಗೆ ಆಗಿನ್ನೂ ಹೇಳಿರಲಿಲ್ಲ.

ನಕಲು ಮಾಡುವ ಮೊದಲು ಡಿಸ್ಕಿನ ಸದ್ದು ಕೇಳಿ. ಟಿಕ್ ಟಿಕ್ ಅನ್ನುತ್ತಿದ್ದರೆ, ತಿರುಗಿ ನಿಂತು ಮತ್ತೆ ತಿರುಗುತ್ತಿದ್ದರೆ ಇದು ಪಾರ್ಟಿಶನ್ ತೊಂದರೆ ಅಲ್ಲ, ಯಂತ್ರವೇ ಕೆಟ್ಟಿದೆ. ಆಫ್ ಮಾಡಿ, ಲ್ಯಾಬಿಗೆ ಕೊಡಿ. ಸದ್ದು ಸರಿಯಿದ್ದರೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋದಂಥದ್ದರಲ್ಲಿ ಸ್ಮಾರ್ಟ್ ಅಂಕಿ, ಅಂದರೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಲೆಕ್ಕ ನೋಡಿ. ಪೆಂಡಿಂಗ್ ಸೆಕ್ಟರ್ ಎದುರು ಸೊನ್ನೆ ಬಿಟ್ಟು ಬೇರೆ ಸಂಖ್ಯೆ ಇದ್ದರೆ ಡಿಸ್ಕ್ ಸುಸ್ತಾಗಿದೆ, ನಕಲು ಇನ್ನೂ ಜಾಸ್ತಿ ಮುಖ್ಯ.

ನಾನು ಬಳಸುವುದು ಸಿಸ್ಟಮ್‌ರೆಸ್ಕ್ಯೂ ಎಂಬ ಲಿನಕ್ಸ್. ಪೆನ್‌ಡ್ರೈವಿನಿಂದ ಬೂಟ್ ಆಗುತ್ತದೆ, ಬೇಕಾದ ಉಪಕರಣಗಳೆಲ್ಲ ಒಳಗೇ ಇರುತ್ತವೆ. ಆ ಪೆನ್‌ಡ್ರೈವ್ ಮಾಡುವಾಗ ಬೇರೆ ಯಾವ ಡಿಸ್ಕೂ ಚುಚ್ಚಿರಬೇಡಿ, ನಗಬೇಡಿ, ಎರಡನೇ ಸಲ ಅದೇ ತಪ್ಪು ಮಾಡಿದವರನ್ನು ನಾನು ಕಂಡಿದ್ದೇನೆ. ಬೂಟ್ ಆದಮೇಲೆ ಡಿಸ್ಕ್ ಪಟ್ಟಿಯನ್ನು ಗಾತ್ರ, ಮಾಡೆಲ್, ಸೀರಿಯಲ್ ನಂಬರ್ ಸಮೇತ ನೋಡಿ ಯಾವುದು ಯಾವುದು ಅಂತ ಬರೆದಿಟ್ಟುಕೊಳ್ಳಿ. ಆಮೇಲೆ ಜಿಎನ್‌ಯು ಡಿಡಿರೆಸ್ಕ್ಯೂ. ಅದಕ್ಕೆ ಮೂರು ಹೆಸರು ಕೊಡಬೇಕು, ಕ್ರಮ ತಪ್ಪಬಾರದು: ಮೊದಲು ಹಾಳಾದ ಡಿಸ್ಕ್, ಆಮೇಲೆ ಇಮೇಜ್ ಫೈಲಿನ ಹೆಸರು, ಕೊನೆಗೆ ಮ್ಯಾಪ್ ಫೈಲಿನ ಹೆಸರು. ಮ್ಯಾಪ್ ಫೈಲ್ ಇದ್ದರೆ ಕರೆಂಟ್ ಹೋಗಿ ಅರ್ಧಕ್ಕೆ ನಿಂತರೂ ನಿಂತಲ್ಲಿಂದಲೇ ಮುಂದುವರಿಯುತ್ತದೆ, ನಮ್ಮ ಕಡೆ ಇದು ಸಣ್ಣ ಮಾತಲ್ಲ. ಕ್ರಮ ತಪ್ಪಿಸಿ ನೇರ ಡಿಸ್ಕಿಗೇ ಬರೆಯಲು ಹೊರಟರೆ, ಫೋರ್ಸ್ ಅನ್ನುವ ಸೂಚನೆ ಇಲ್ಲದೆ ಅದು ಒಪ್ಪುವುದಿಲ್ಲ. ಎಲ್ಲೋ ಓದಿದ ಆಜ್ಞೆಯಲ್ಲಿ ಆ ಸೂಚನೆ ಇದ್ದರೆ ಯಾಕಿದೆ ಅಂತ ಯೋಚಿಸದೆ ನಕಲು ಹೊಡೆಯಬೇಡಿ.

ಇಮೇಜ್ ಇಡುವ ಡಿಸ್ಕ್ ಫ್ಯಾಟ್32 ಆಗಿರಬಾರದು, ಅದರಲ್ಲಿ ಒಂದು ಫೈಲ್ 4 ಜಿಬಿ ದಾಟುವುದಿಲ್ಲ. ಸಮಯದ ಲೆಕ್ಕ: ಸೆಕೆಂಡಿಗೆ 100 ಎಂಬಿ ಓಡಿದರೆ 1 ಟಿಬಿಗೆ 3 ಗಂಟೆಯೊಳಗೆ ಮುಗಿಯುತ್ತದೆ. ಹಳೆಯ ಯುಎಸ್‌ಬಿ 2 ತೂತಿಗೆ ಹಾಕಿದರೆ ಎಂಟೊಂಬತ್ತು ಗಂಟೆ. ತೂತು ನೋಡಿ ಚುಚ್ಚಿ.

ಟೆಸ್ಟ್‌ಡಿಸ್ಕ್

ಕ್ರಿಸ್ಟೋಫ್ ಗ್ರೆನಿಯೆ ಬರೆದ ಈ ಪ್ರೋಗ್ರಾಂ ಪೂರ್ತಿ ಉಚಿತ, ಮುಕ್ತ ತಂತ್ರಾಂಶ. ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರಕ್ಕೂ ಇದೆ. ನೋಡಲು ಚೆಂದವಿಲ್ಲ. ಮೌಸ್ ನಡೆಯುವುದಿಲ್ಲ, ಬಾಣದ ಕೀ ಮತ್ತು ಎಂಟರ್ ಮಾತ್ರ. ಬಣ್ಣಬಣ್ಣದ ಪರದೆ ತೋರಿಸಿ ಸ್ಕ್ಯಾನ್ ಆದಮೇಲೆ ದುಡ್ಡು ಕೇಳುವ ಎಷ್ಟೋ ಪ್ರೋಗ್ರಾಂಗಳಿಗಿಂತ ಇದು ವಾಸಿ. ವಿಂಡೋಸಿನಲ್ಲಾದರೆ ಜಿಪ್ ಬಿಚ್ಚಿ ಅಡ್ಮಿನಿಸ್ಟ್ರೇಟರ್ ಆಗಿ ಓಡಿಸಿ. ಇಮೇಜ್ ಮೇಲೆ ಕೆಲಸ ಮಾಡುವುದಾದರೆ ಪ್ರೋಗ್ರಾಮಿನ ಹೆಸರಿನ ಮುಂದೆ ಇಮೇಜ್ ಫೈಲಿನ ಹೆಸರು ಕೊಟ್ಟು ಶುರುಮಾಡಿ.

ಮೊದಲು ಲಾಗ್ ಬೇಕಾ ಅನ್ನುತ್ತದೆ, ಕ್ರಿಯೇಟ್ ಕೊಡಿ. ಆಮೇಲೆ ಡಿಸ್ಕುಗಳ ಪಟ್ಟಿ. ಗಾತ್ರ ನೋಡಿ ಆರಿಸಿ. ಮುಂದಿನ ಪ್ರಶ್ನೆ ಟೇಬಲ್ಲಿನ ಬಗೆ ಯಾವುದು ಅಂತ. ಇಲ್ಲಿ ಜನ ಎಡವುತ್ತಾರೆ. ಅದು ಕೇಳುವುದು ಈಗ ಡಿಸ್ಕಿನಲ್ಲಿ ಏನಿದೆ ಅಂತ ಅಲ್ಲ, ಹಾಳಾಗುವ ಮೊದಲು ಏನಿತ್ತು ಅಂತ. ಇಂಟೆಲ್ ಅಂದರೆ ಎಂಬಿಆರ್, ಇಎಫ್‌ಐ ಜಿಪಿಟಿ ಅಂದರೆ ಜಿಪಿಟಿ. 2 ಟಿಬಿ ಮತ್ತು ಕೆಳಗಿನ ಎಕ್ಸ್‌ಟರ್ನಲ್ ಡಿಸ್ಕಾದರೆ ಹೆಚ್ಚಾಗಿ ಎಂಬಿಆರ್. 512 ಬೈಟ್ ಸೆಕ್ಟರಿನ ಲೆಕ್ಕದಲ್ಲಿ ಎಂಬಿಆರ್ ಸುಮಾರು 2.2 ಲಕ್ಷ ಕೋಟಿ ಬೈಟ್ ದಾಟಲಾರದು, ಅದಕ್ಕಿಂತ ದೊಡ್ಡವು ಬಹುಪಾಲು ಜಿಪಿಟಿ. ವಿಂಡೋಸ್ 11ರ ಜೊತೆ ಬಂದ ಲ್ಯಾಪ್‌ಟಾಪಿನ ಒಳ ಡಿಸ್ಕ್ ಜಿಪಿಟಿಯೇ. ಕ್ಲೀನ್ ಆದಮೇಲೆ ಅದು ನನ್ ಅನ್ನುವುದನ್ನು ಸೂಚಿಸಬಹುದು, ಅದನ್ನು ನಂಬಬೇಡಿ, ಅದು ಪಾರ್ಟಿಶನ್ನೇ ಇಲ್ಲದ ಡಿಸ್ಕಿಗೆ. ಗೊತ್ತಾಗದಿದ್ದರೆ ಒಂದು ಪ್ರಯತ್ನಿಸಿ, ಸಿಗದಿದ್ದರೆ ಹಿಂದೆ ಬಂದು ಇನ್ನೊಂದು. ರೈಟ್ ಒತ್ತುವ ತನಕ ಅದು ಟೇಬಲ್ಲಿಗೆ ಏನೂ ಬರೆಯುವುದಿಲ್ಲ.

ಅನಲೈಸ್ ಕೊಟ್ಟರೆ ಈಗಿರುವ ಟೇಬಲ್ ತೋರಿಸುತ್ತದೆ. ನನ್ನದರಲ್ಲಿ ನಾನೇ ಮಾಡಿದ ಉದ್ದನೆಯ ಹೊಸ ಪಾರ್ಟಿಶನ್ ಕೂತಿತ್ತು, ನೋಡಿಯೇ ಸಿಟ್ಟು ಬಂತು. ಅಲ್ಲಿಂದ ಕ್ವಿಕ್ ಸರ್ಚ್. ನಿಮಿಷದೊಳಗೆ ಎರಡು ಹಸಿರು ಸಾಲು ಬಂದವು, ಎರಡೂ ಎನ್‌ಟಿಎಫ್‌ಎಸ್, ಎರಡರ ಮುಂದೂ ಭಾವ ಇಟ್ಟ ಹೆಸರು. ಅವರು ಡಿಸ್ಕನ್ನು ಎರಡು ಭಾಗ ಮಾಡಿದ್ದರು ಅಂತಲೇ ನನಗೆ ಗೊತ್ತಿರಲಿಲ್ಲ.

ಇಲ್ಲಿ ಖುಷಿಯಿಂದ ರೈಟ್ ಒತ್ತಬೇಡಿ. ಸಾಲಿನ ಮೇಲೆ ನಿಂತು ಪಿ ಒತ್ತಿ, ಒಳಗಿನ ಫೈಲುಗಳ ಪಟ್ಟಿ ಕಾಣುತ್ತದೆ. ಹೆಸರುಗಳು ಸರಿಯಾಗಿವೆಯಾ, ಫೋಲ್ಡರಿನ ಒಳಗೆ ಹೋಗಬಹುದಾ, ಎರಡು ಮೂರು ಮಟ್ಟ ಇಳಿದು ನೋಡಿ. ಇಮೇಜ್ ಮಾಡಲು ಆಗದಿದ್ದವರು ಇಲ್ಲಿಂದಲೇ ಫೈಲ್ ಹೊರಗೆ ತೆಗೆದುಕೊಳ್ಳಿ: ಎ ಒತ್ತಿದರೆ ಎಲ್ಲವೂ ಆಯ್ಕೆ ಆಗುತ್ತವೆ, ಶಿಫ್ಟ್ ಹಿಡಿದು ಸಿ ಒತ್ತಿದರೆ ಎಲ್ಲಿಗೆ ಹಾಕಲಿ ಅಂತ ಕೇಳುತ್ತದೆ. ಹಾಕುವುದು ಬೇರೆ ಡಿಸ್ಕಿಗೆ. ನಾನು ಇಮೇಜ್ ಇದ್ದರೂ ಮದುವೆ ಫೋಲ್ಡರನ್ನು ಮೊದಲು ಹೀಗೇ ತೆಗೆದುಕೊಂಡೆ, ನಡುಗುವ ಕೈಗೆ ಅದೊಂದು ಸಮಾಧಾನ.

ಕ್ವಿಕ್ ಸರ್ಚಿನಲ್ಲಿ ಸಿಗದಿದ್ದರೆ ಡೀಪರ್ ಸರ್ಚ್. ಇದು ಡಿಸ್ಕನ್ನು ಪೂರ್ತಿ ಜಾಲಾಡುತ್ತದೆ, ರಾತ್ರಿ ಬಿಟ್ಟು ಮಲಗಿ. ಬೆಳಿಗ್ಗೆ ನೋಡಿದರೆ ಪಟ್ಟಿಯಲ್ಲಿ ಹತ್ತಾರು ಸಾಲು ಇರಬಹುದು, ಕೆಲವು ಎಷ್ಟೋ ವರ್ಷದ ಹಿಂದೆ ಅಳಿಸಿದ ಪಾರ್ಟಿಶನ್ನುಗಳ ದೆವ್ವಗಳು. ಬಾಂದುಕಲ್ಲು ಹಳೆಯದೂ ಇರುತ್ತದೆ, ಹೊಸದೂ ಇರುತ್ತದೆ. ಒಂದೊಂದರ ಮೇಲೂ ಪಿ ಒತ್ತಿ ನೋಡಿ. ಫೈಲ್ ಸಿಸ್ಟಮ್ ತೆರೆಯಲಾಗದು ಅಂತ ಬಂದರೆ ಬಹುಶಃ ದೆವ್ವ. ನಿಮ್ಮ ಫೋಲ್ಡರುಗಳು ಕಂಡರೆ ಅದೇ. ಬೇಕಾದವನ್ನು ಎಡ ಬಲ ಬಾಣದಿಂದ ಪಿ, ಅಂದರೆ ಪ್ರೈಮರಿ, ಅಥವಾ ಎಲ್, ಅಂದರೆ ಲಾಜಿಕಲ್ ಮಾಡಿ, ಬೇಡದವನ್ನು ಡಿ ಮಾಡಿ. ಒಂದರ ಮೇಲೊಂದು ಹತ್ತಿಕೊಂಡ ಪಾರ್ಟಿಶನ್ನುಗಳನ್ನು ಒಟ್ಟಿಗೆ ಆರಿಸಿದರೆ ಸ್ಟ್ರಕ್ಚರ್ ಬ್ಯಾಡ್ ಅನ್ನುತ್ತದೆ. ಸ್ಟ್ರಕ್ಚರ್ ಓಕೆ ಅಂತ ಬರುವವರೆಗೆ ಮುಂದೆ ಹೋಗಬೇಡಿ.

ಲಾಜಿಕಲ್ ವಿಷಯ ಬಂದಿದ್ದರಿಂದ ಒಂದು ಮಾತು. ಹಿಂದೆ ಜೋಡಿಸಿ ಕೊಡುತ್ತಿದ್ದ ಪಿಸಿಗಳಲ್ಲಿ ಸಿ, ಡಿ, ಇ, ಎಫ್ ಅಂತ ಸಾಲಾಗಿ ಮಾಡಿಕೊಡುತ್ತಿದ್ದರಲ್ಲ, ಡಿ ಇಂದ ಮುಂದಿನವು ಸಾಮಾನ್ಯವಾಗಿ ಲಾಜಿಕಲ್. ಅವು ಕೈಕೈ ಹಿಡಿದು ನಿಂತ ಮಕ್ಕಳ ಸಾಲಿನಂತೆ, ಒಬ್ಬೊಬ್ಬನಿಗೂ ಮುಂದಿನವನು ಎಲ್ಲಿದ್ದಾನೆ ಅಂತ ಮಾತ್ರ ಗೊತ್ತು. ನಡುವೆ ಒಂದು ಕೈ ಬಿಟ್ಟರೆ ಮುಂದಿನವರೆಲ್ಲ ಕಾಣೆ. ಡಿ ಮಾತ್ರ ಮುಟ್ಟಿದ್ದು, ಇ, ಎಫ್ ಯಾಕೆ ಹೋದವು ಅಂತ ತಲೆ ಕೆಡಿಸಿಕೊಳ್ಳಬೇಡಿ, ಕಾರಣ ಇದೇ. ಟೆಸ್ಟ್‌ಡಿಸ್ಕ್ ಈ ಸರಪಳಿಯನ್ನು ಮತ್ತೆ ಕಟ್ಟಿಕೊಡುತ್ತದೆ.

ಎಲ್ಲ ಸರಿ ಅನ್ನಿಸಿದ ಮೇಲೆ ರೈಟ್, ವೈ, ಕಂಪ್ಯೂಟರ್ ರೀಸ್ಟಾರ್ಟ್.

ನನ್ನದು ಅಲ್ಲಿಗೂ ಮುಗಿಯಲಿಲ್ಲ. ಎರಡನೇ ಪಾರ್ಟಿಶನ್ ತೆರೆಯಿತು, ಮೊದಲನೆಯದು ರಾ, ಅಂದರೆ ಫೈಲ್ ಪದ್ಧತಿ ಗುರುತಾಗದ್ದು ಅಂತ ತೋರಿಸಿ ಮತ್ತೆ ಫಾರ್ಮ್ಯಾಟ್ ಬೇಕಾ ಅಂದಿತು. ಟೆಸ್ಟ್‌ಡಿಸ್ಕಿನ ಅಡ್ವಾನ್ಸ್‌ಡ್ ಮೆನುವಿನಲ್ಲಿ ಆ ಪಾರ್ಟಿಶನ್ ಆರಿಸಿ ಬೂಟ್ ಒತ್ತಿದರೆ ಬೂಟ್ ಸೆಕ್ಟರ್ ಬ್ಯಾಡ್, ಬ್ಯಾಕಪ್ ಬೂಟ್ ಸೆಕ್ಟರ್ ಓಕೆ ಅಂತ ಇತ್ತು. ಮುಂದಿನ ಬಾಂದುಕಲ್ಲು ಕಿತ್ತುಹೋಗಿದೆ, ಹಿಂದಿನದು ನೆಟ್ಟಗಿದೆ. ಬ್ಯಾಕಪ್ ಬಿಎಸ್ ಅಂತ ಕೊಟ್ಟರೆ ಹಿಂದಿನದನ್ನು ಮುಂದಕ್ಕೆ ನಕಲು ಮಾಡುತ್ತದೆ. ಕೊಟ್ಟೆ, ತೆರೆಯಿತು. ಮೊದಲನೆಯದು ಓಕೆ ಇದ್ದು ಹಿಂದಿನದು ಬ್ಯಾಡ್ ಇದ್ದರೆ ಈ ಆಯ್ಕೆ ಒತ್ತಬೇಡಿ, ಕೆಟ್ಟದ್ದನ್ನು ಒಳ್ಳೆಯದರ ಮೇಲೆ ಬರೆದಂತಾಗುತ್ತದೆ. ಎರಡೂ ಬ್ಯಾಡ್ ಇದ್ದರೆ ರೀಬಿಲ್ಡ್ ಬಿಎಸ್ ಇದೆ, ಅದನ್ನು ಇಮೇಜ್ ಇಟ್ಟುಕೊಂಡೇ ಮಾಡಿ.

ಫಾರ್ಮ್ಯಾಟೂ ಆಗಿದ್ದರೆ, ಐಎಸ್‌ಒ ಬರೆದಿದ್ದರೆ

ಐಎಸ್‌ಒ, ಅಂದರೆ ಆಪರೇಟಿಂಗ್ ಸಿಸ್ಟಮ್ ಹಾಕುವ ಇಮೇಜ್ ಫೈಲ್, ಬರೆಯುವಾಗ ಪೆನ್‌ಡ್ರೈವ್ ಬದಲು ಹಾರ್ಡ್ ಡಿಸ್ಕ್ ಆರಿಸಿಬಿಟ್ಟವರಿಗೆ ಡಿಸ್ಕಿನ ಮೊದಲ ಕೆಲವು ಜಿಬಿ ಹೋಗಿರುತ್ತದೆ. ಅಷ್ಟು ಹೋದದ್ದು ಹೋಯಿತು, ಯಾವ ಲ್ಯಾಬೂ ವಾಪಸ್ ತರಲಾರದು. ಆದರೆ ಉಳಿದದ್ದು ಇದೆ. ಡಿಸ್ಕ್ ಜಿಪಿಟಿ ಆಗಿದ್ದರೆ ಕೊನೆಯಲ್ಲಿರುವ ಎರಡನೇ ಪ್ರತಿ ಇನ್ನೂ ಇರುವ ಸಾಧ್ಯತೆ ಜಾಸ್ತಿ. ಜಿಡಿಸ್ಕ್ ಎಂಬ ಉಪಕರಣದಲ್ಲಿ ಆರ್ ಒತ್ತಿದರೆ ರಿಕವರಿ ಮೆನು, ಅಲ್ಲಿ ಬಿ ಒತ್ತಿ ಹಿಂದಿನ ಹೆಡರ್, ಸಿ ಒತ್ತಿ ಹಿಂದಿನ ಟೇಬಲ್ ತಂದು, ಪಿ ಒತ್ತಿ ಪಟ್ಟಿ ನೋಡಿ, ಸರಿಯಿದ್ದರೆ ಮಾತ್ರ ಡಬ್ಲ್ಯೂ. ಡಿಸ್ಕ್‌ಪಾರ್ಟಿನಿಂದ ಕ್ಲೀನ್ ಮಾಡಿದವರಿಗೆ ಇದು ನಡೆಯುವುದಿಲ್ಲ, ಕ್ಲೀನ್ ಎರಡೂ ಪ್ರತಿಗಳನ್ನು ಒರೆಸುತ್ತದೆ. ಅವರು ಟೆಸ್ಟ್‌ಡಿಸ್ಕಿಗೇ ಹೋಗಬೇಕು.

ಎನ್‌ಟಿಎಫ್‌ಎಸ್‌ನಲ್ಲಿ ಎಲ್ಲ ಫೈಲುಗಳ ಹೆಸರು, ವಿಳಾಸ ಇರುವ ದೊಡ್ಡ ಖಾತೆ ಪುಸ್ತಕಕ್ಕೆ ಎಂಎಫ್‌ಟಿ ಅನ್ನುತ್ತಾರೆ. ವಿಂಡೋಸ್ ಫಾರ್ಮ್ಯಾಟ್ ಮಾಡಿದ ಡಿಸ್ಕಿನಲ್ಲಿ ಇದು ಸಾಮಾನ್ಯವಾಗಿ 786432ನೇ ಕ್ಲಸ್ಟರಿನಿಂದ ಶುರುವಾಗುತ್ತದೆ. ಕ್ಲಸ್ಟರ್ ಅಂದರೆ ಸೆಕ್ಟರುಗಳ ಒಂದು ಗುಂಪು, ಒಂದು ಕ್ಲಸ್ಟರಿಗೆ 4 ಕೆಬಿ ಅಂದರೆ ಪಾರ್ಟಿಶನ್ ಶುರುವಾಗಿ ಸರಿಯಾಗಿ 3 ಜಿಬಿ ಆದಮೇಲೆ. ಹಾಗಾಗಿ 3 ಜಿಬಿಗಿಂತ ಸಣ್ಣ ಐಎಸ್‌ಒ ಬರೆದವರಿಗೆ ಈ ಪುಸ್ತಕ ಹಾಗೇ ಉಳಿದಿರಬಹುದು, ಫೋಲ್ಡರ್ ಸಮೇತ ಎಲ್ಲ ಸಿಗಬಹುದು. ಅದಕ್ಕಿಂತ ದೊಡ್ಡ ಐಎಸ್‌ಒ ಆಗಿದ್ದರೆ ಪುಸ್ತಕದ ಮೊದಲ ಹಾಳೆಗಳು ಹೋಗಿವೆ, ಹಿಂದಿನ ಹಾಳೆಗಳು ಉಳಿದಿರಬಹುದು. ಎನ್‌ಟಿಎಫ್‌ಎಸ್ ಮೇಲೆ ಮತ್ತೆ ಎನ್‌ಟಿಎಫ್‌ಎಸ್ ಕ್ವಿಕ್ ಫಾರ್ಮ್ಯಾಟ್ ಮಾಡಿದವರದೂ ಇದೇ ಕಥೆ, ಹೊಸ ಪುಸ್ತಕ ಹಳೆಯದರ ಮೇಲೆಯೇ ಬಂದು ಕೂರುತ್ತದೆ.

ಇಂಥ ಕಡೆ ಟೆಸ್ಟ್‌ಡಿಸ್ಕ್ ಸಾಲದು. ಡಿಎಂಡಿಇ, ಆರ್‌-ಸ್ಟುಡಿಯೋ ತರಹದವು ಉಳಿದ ಹಾಳೆಗಳನ್ನು ಒಟ್ಟುಮಾಡಿ ಫೋಲ್ಡರ್ ಮರ ಕಟ್ಟಿ ತೋರಿಸುತ್ತವೆ. ಡಿಎಂಡಿಇಯ ಉಚಿತ ಆವೃತ್ತಿಯಲ್ಲೇ ಒಂದು ಸಲಕ್ಕೆ ಒಂದು ಫೋಲ್ಡರಿನಿಂದ 4000 ಫೈಲ್ ತೆಗೆಯಬಹುದು, ಮನೆಯ ಫೋಟೋಗಳಿಗೆ ಎಷ್ಟೋ ಸಲ ಅದೇ ಸಾಕು. ಏನೂ ಆಗಲಿಲ್ಲ ಅಂದರೆ ಕೊನೆಗೆ ಟೆಸ್ಟ್‌ಡಿಸ್ಕಿನ ಜೊತೆಗೇ ಬರುವ ಫೋಟೋರೆಕ್. ಅದು ಪಹಣಿಯನ್ನೂ ನೋಡುವುದಿಲ್ಲ, ಖಾತೆ ಪುಸ್ತಕವನ್ನೂ ನೋಡುವುದಿಲ್ಲ. ಜೆಪೆಗ್ ಹೀಗೆ ಶುರುವಾಗುತ್ತದೆ, ಪಿಡಿಎಫ್ ಹೀಗೆ ಶುರುವಾಗುತ್ತದೆ ಅಂತ ಗುರುತು ಹಿಡಿದು ಹೆಕ್ಕುತ್ತದೆ. ಫೈಲ್ ಸಿಗುತ್ತದೆ, ಹೆಸರು ಸಿಗುವುದಿಲ್ಲ. ಸಾವಿರಾರು ಫೋಟೋ ನಂಬರಿನ ಹೆಸರಿನಲ್ಲಿ ಗುಡ್ಡೆ ಬೀಳುತ್ತವೆ. ಚೂರುಚೂರಾಗಿ ಬರೆದಿದ್ದ ದೊಡ್ಡ ವಿಡಿಯೋಗಳು ಹೆಚ್ಚಾಗಿ ಓಡುವುದಿಲ್ಲ. ಇದನ್ನೇ ಮೊದಲು ಓಡಿಸಿ, ಆಮೇಲೆ ಆ ಗುಡ್ಡೆ ಬಿಡಿಸುತ್ತಾ ತಿಂಗಳುಗಟ್ಟಲೆ ಕೂತವರಿದ್ದಾರೆ, ಟೆಸ್ಟ್‌ಡಿಸ್ಕಿನಲ್ಲಿ ಹತ್ತು ನಿಮಿಷಕ್ಕೆ ಆಗುತ್ತಿದ್ದ ಕೆಲಸ.

ಪಾರ್ಟಿಶನ್ ಸರಿಸುವಾಗ ಕರೆಂಟ್ ಹೋಗಿದ್ದರೆ ಮಾತ್ರ ನಿಜವಾಗಿ ಕಷ್ಟ. ಅರ್ಧ ಡೇಟಾ ಹಳೆಯ ಜಾಗದಲ್ಲಿ, ಅರ್ಧ ಹೊಸ ಜಾಗದಲ್ಲಿ ಇರುತ್ತದೆ. ಯಾವ ಒಂದು ಟೇಬಲ್ ಬರೆದರೂ ಅರ್ಧ ತಪ್ಪೇ. ಇಮೇಜ್ ಮಾಡಿ, ಎಲ್ಲಿಗೆ ನಿಂತಿತು ಅನ್ನುವ ಲಾಗ್ ಇದ್ದರೆ ಜೋಪಾನ ಮಾಡಿ, ತಿಳಿದವರ ಹತ್ತಿರ ಹೋಗಿ.

ಪಾರ್ಟಿಶನ್ ತಪ್ಪೇ ಅಲ್ಲದಿದ್ದರೆ

ಎಕ್ಸ್‌ಟರ್ನಲ್ ಡಬ್ಬಿ ಕೆಟ್ಟಿತು ಅಂತ ಒಳಗಿನ ಡಿಸ್ಕ್ ಬಿಚ್ಚಿ ನೇರ ಕಂಪ್ಯೂಟರಿಗೆ ಹಾಕಿದಿರಿ, ಪಾರ್ಟಿಶನ್ನೇ ಕಾಣುತ್ತಿಲ್ಲ. ಕೆಲವು ಡಬ್ಬಿಗಳು 512 ಬೈಟಿನ ಸೆಕ್ಟರನ್ನು ಕಂಪ್ಯೂಟರಿಗೆ 4096 ಅಂತ ತೋರಿಸುತ್ತವೆ. ಡಬ್ಬಿ ಬದಲಾದರೆ ಅಳತೆಗೋಲೇ ಬದಲಾಗುತ್ತದೆ, ಟೇಬಲ್ಲಿನ ಲೆಕ್ಕವೆಲ್ಲ ಅಡ್ಡಾದಿಡ್ಡಿ. ಅದೇ ಬಗೆಯ ಡಬ್ಬಿಗೆ ಹಾಕಿದರೆ ಸರಿಹೋಗುತ್ತದೆ, ಏನೂ ಬರೆಯಬೇಕಿಲ್ಲ. ಇನ್ನು ಕೆಲವು ಡಬ್ಬಿಗಳು ಎಲ್ಲವನ್ನೂ ಗುಟ್ಟಾಗಿ ಎನ್‌ಕ್ರಿಪ್ಟ್ ಮಾಡಿಯೇ ಬರೆಯುತ್ತವೆ. ಅವುಗಳ ಡಿಸ್ಕನ್ನು ನೇರ ಓದಿದರೆ ಬರೀ ಕಸ. ಹಾಗೇ ವಿಂಡೋಸಿನ ಎನ್‌ಕ್ರಿಪ್ಶನ್ ಬೀಗವಾದ ಬಿಟ್‌ಲಾಕರ್ ಇದ್ದ ಪಾರ್ಟಿಶನ್ ವಾಪಸ್ ಬಂದರೂ ಪಾಸ್‌ವರ್ಡ್ ಅಥವಾ 48 ಅಂಕಿಯ ರಿಕವರಿ ಕೀ ಇಲ್ಲದೆ ತೆರೆಯುವುದಿಲ್ಲ. ಮೈಕ್ರೋಸಾಫ್ಟ್ ಖಾತೆಯಲ್ಲಿ ಆ ಕೀ ಉಳಿದಿದೆಯಾ ಅಂತ ಒಮ್ಮೆ ನೋಡಿ.

ಅಂಗಡಿಗೆ ಕೊಡುವುದಾದರೆ ಒಂದೇ ಪ್ರಶ್ನೆ ಕೇಳಿ: ಮೊದಲು ಇಮೇಜ್ ತೆಗೆದು ಅದರ ಮೇಲೆ ಕೆಲಸ ಮಾಡುತ್ತೀರಾ? ಹೌದು ಅಂದರೆ ಕೊಡಿ. ಅದೆಲ್ಲ ಏನೂ ಬೇಡ ಸಾರ್, ಅರ್ಧ ಗಂಟೆ ಅಂದರೆ ಡಿಸ್ಕ್ ಜೇಬಿಗೆ ಹಾಕಿಕೊಂಡು ಬನ್ನಿ.

ಎಲ್ಲ ಸಿಕ್ಕಿದ ಮೇಲೆ ರಿಪೇರಿಯಾದ ಪಾರ್ಟಿಶನ್ನನ್ನೇ ಬಳಸುತ್ತಾ ಹೋಗಬೇಡಿ. ಫೈಲುಗಳನ್ನು ಹೊಸ ಡಿಸ್ಕಿಗೆ ಹಾಕಿ, ಹತ್ತಿಪ್ಪತ್ತು ದೊಡ್ಡ ವಿಡಿಯೋ ಕೊನೆಯ ತನಕ ಓಡಿಸಿ ನೋಡಿ, ಆಮೇಲೆ ಹಳೆಯದನ್ನು ಪೂರ್ತಿ ಫಾರ್ಮ್ಯಾಟ್ ಮಾಡಿ ಮತ್ತೆ ತುಂಬಿ. ಡಿಸ್ಕ್ ಮ್ಯಾನೇಜ್‌ಮೆಂಟಿನ ಪರದೆಯ ಒಂದು ಫೋಟೋ ಫೋನಿನಲ್ಲಿ ಇಟ್ಟುಕೊಂಡರೆ ಮುಂದಿನ ಸಲ ಎಂಬಿಆರಾ ಜಿಪಿಟಿಯಾ, ಎಷ್ಟು ಭಾಗ ಇತ್ತು ಅಂತ ತಡಕಾಡಬೇಕಿಲ್ಲ. ಭಾವನಿಗೆ ಡಿಸ್ಕ್ ವಾಪಸ್ ಕೊಟ್ಟಿದ್ದು 6 ದಿನ ಬಿಟ್ಟು. ಅಷ್ಟು ದಿನ ಯಾಕೆ ಬೇಕಾಯಿತೋ ಅಂದರು. ಕಾಪಿ ಆಗೋದು ಸ್ವಲ್ಪ ನಿಧಾನ ಭಾವ, ಅಂದೆ.